ಚಲಾವಣೆ ತಪ್ಪಿದ ನೋಟೂ ಪರಿಗ್ರಹವೇ?

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಿಗೆ ಒಂದು ಮಿತಿಯನ್ನು ಗೊತ್ತುಪಡಿಸಿಕೊಳ್ಳುತ್ತಾನೆ. ಆತನ ಪೆಟ್ಟಿಗೆಯಲ್ಲಿ ರದ್ದಾದ ನೋಟುಗಳೂ, ಮುಳುಗಿಹೋದ ಕಂಪನಿಗಳ ಷೇರು ಪತ್ರಗಳೂ, ಅಳಿದುಹೋದ ಸರ್ಕಾರಗಳ ಸಾಲಪತ್ರಗಳೂ ಇವೆಯೆಂದು ಇಟ್ಟುಕೊಳ್ಳೋಣ. ಅಂಗಡಿಯಲ್ಲಿ ಇವಕ್ಕೆ ಒಂದು ಹಿಡಿ ಅಕ್ಕಿಯೂ ಬಾರದು. ಹೀಗಿರಲು ಇವನ್ನು ಧನವೆಂದು ಮಿತಿಯೊಳಗೆ ಎಣಿಸಬೇಕೆ, ಬರಿಯ ಕಾಗದವೆಂದು ಬಿಡಬಹುದೆ ಎಂಬುದು ವಿಚಾರಣೀಯವಾದ ಪ್ರಶ್ನೆ.

ಮೊದಲು ಈ ವಸ್ತುಗಳ ಸ್ವರೂಪವನ್ನು ತಿಳಿಯಬೇಕು. 1861ರ ಶಾಸನದ ಮೂಲಕ ಬ್ರಿಟಿಷ್ ಭಾರತದ ಸರ್ಕಾರವು ನೋಟು ಹೊರಡಿಸುವ ಅಧಿಕಾರವನ್ನು ತಾನೇ ವಹಿಸಿಕೊಂಡಿತು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವ ಒದಗಿದಾಗ, 1917ರಲ್ಲಿ, ಒಂದು ರೂಪಾಯಿಯ ನೋಟು ಬಂದಿತು. 1918ರಲ್ಲಿ ಹೈದರಾಬಾದು ಸಂಸ್ಥಾನವು ತನ್ನದೇ ಆದ ನೋಟುಗಳನ್ನು ಹೊರಡಿಸತೊಡಗಿತು. ಅಂದು ಆ ಸಂಸ್ಥಾನಕ್ಕೆ ಸೇರಿದ್ದ ಬೀದರ, ಕಲಬುರಗಿ, ರಾಯಚೂರು ಸೀಮೆಗಳಲ್ಲಿಯೂ ಅವು ನಡೆದವು. 1946ರಲ್ಲಿ ಐನೂರು, ಸಾವಿರ, ಹತ್ತು ಸಾವಿರದ ನೋಟುಗಳೂ, 1978ರಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳೂ, 2016ರ ನವೆಂಬರ್ 8ರಂದು ಆಗಿನ ಐನೂರು, ಸಾವಿರದ ನೋಟುಗಳೂ ರದ್ದಾದವು. ರಾತ್ರಿ ಮಲಗುವಾಗ ಧನವಾಗಿದ್ದುದು ಬೆಳಗಾಗುವುದರೊಳಗೆ ಕಾಗದವಾಗುವುದನ್ನು ಜನರು ಕಣ್ಣಾರೆ ಕಂಡರು. ಅನಿತ್ಯ ಅನುಪ್ರೇಕ್ಷೆಗೆ ಇದಕ್ಕಿಂತ ಸುಲಭವಾದ ಉದಾಹರಣೆ ದೊರೆಯದು.

ಧನದ ಗುಣ ಹೋದ ಮೇಲೆ ಪರಿಗ್ರಹದ ದೋಷವೂ ಹೋಗಲಿಲ್ಲವೆ ಎಂದು ಶಂಕಿಸಬಹುದು. ಸಮಾಧಾನವೇನೆಂದರೆ, ಬೆಲೆಯು ಹೋಗಲಿಲ್ಲ, ವೇಷವನ್ನು ಬದಲಿಸಿತು. ಮಡಿಕೆಯಿಲ್ಲದ ಅಪೂರ್ವ ನೋಟೊಂದಕ್ಕೆ ಅದರ ಮುಖಬೆಲೆಯ ಎಷ್ಟೋ ಪಟ್ಟು ಹಣವನ್ನು ಕೊಡುವವರಿದ್ದಾರೆ. ಕೆಲವು ಪತ್ರಗಳು ಸತ್ತೇ ಇಲ್ಲ. 1648ರಲ್ಲಿ ಹಾಲೆಂಡಿನ ಒಂದು ಜಲಮಂಡಲಿಯು ಬರೆದುಕೊಟ್ಟ ಸಾಲಪತ್ರವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯವು 2003ರಲ್ಲಿ ಕೊಂಡುಕೊಂಡಿತು. 2015ರಲ್ಲಿ ಅದರ ಹನ್ನೆರಡು ವರ್ಷಗಳ ಬಡ್ಡಿಯಾಗಿ 136.20 ಯೂರೋ ಹಣ ಸಂದಿತು. ಆ ಪತ್ರವನ್ನು ಆಡಿನ ತೊಗಲಿನ ಮೇಲೆ ಬರೆದಿರುವುದರಿಂದ ಅದು ಶ್ರಾವಕನ ಮನೆಗೆ ಸಲ್ಲದು ಎಂಬುದು ಬೇರೆ ಮಾತು.

ಬೆಲೆಯೇ ಇಲ್ಲದ ಕಾಗದವಾದರೂ ಪ್ರಶ್ನೆ ತೀರುವುದಿಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನ ಬೆಲೆಯಿಂದ ಹೇಳದೆ ಮೂರ್ಛೆಯಿಂದ, ಎಂದರೆ ಮಮತ್ವದಿಂದ, ಹೇಳಿದ್ದಾರೆ. ನೂರು ರೂಪಾಯಿ ಕಳೆದರೆ ಒಂದು ದಿನ ಮರುಗುವವನು ಹರಿದ ಹಳೆಯ ನೋಟೊಂದು ಕಳೆದರೆ ತಿಂಗಳು ಮರುಗಿದನಾದರೆ, ಅವನಲ್ಲಿ ಯಾವುದು ಹಿರಿಯ ಪರಿಗ್ರಹವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಮಂತಭದ್ರ ಆಚಾರ್ಯರು ಈ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳೊಡನೆ ವಿಸ್ಮಯವನ್ನೂ ಎಣಿಸಿದ್ದಾರೆ. ಪರರಿಗೆ ದೊರೆತ ಲಾಭವನ್ನು ಕಂಡು ಬೆರಗಾಗಿ ಮನಸ್ಸು ಕದಡುವುದೇ ಈ ವಿಸ್ಮಯ. ಹಳೆಯ ನೋಟಿಗೆ ಲಕ್ಷಾಂತರ ಬೆಲೆ ಎಂಬ ಮಾತಿಗೆ ಮರುಳಾಗಿ ಮೋಸ ಹೋಗುವವರ ಸ್ಥಿತಿಯೂ ಇದೇ. ತನ್ನ ಹೆಸರನ್ನು ಬಳಸಿ ಇಂತಹ ವಂಚನೆ ನಡೆಯುತ್ತಿದೆಯೆಂದು ರಿಜರ್ವ್ ಬ್ಯಾಂಕು 2021ರಲ್ಲಿ ಎಚ್ಚರಿಸಬೇಕಾಯಿತು.

ಇನ್ನೊಂದು ಶಂಕೆ: ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಗರಿಗಳನ್ನು ಹಿರಿಯರು ಕಾಯ್ದುಕೊಂಡು ಬಂದರಷ್ಟೆ; ಹಳೆಯ ಪತ್ರಗಳನ್ನು ಕಾಯುವುದೂ ಅಂತಹುದೇ ಅಲ್ಲವೆ? ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ನೋಟು, ಹುಂಡಿ, ಸಾಲಪತ್ರಗಳು ಇತಿಹಾಸಕ್ಕೆ ಸಾಕ್ಷಿಗಳು. ಅವನ್ನು ನಾಶಮಾಡುವುದು ಧರ್ಮವಲ್ಲ. ಆದರೆ ಆ ಗರಿಗಳನ್ನು ಕಾಯ್ದವರು ಅವುಗಳ ಬೆಲೆ ಏರುವುದನ್ನು ಎದುರುನೋಡಲಿಲ್ಲ. ಬೆಲೆಗಾಗಿ ಸಂಗ್ರಹಿಸುವವನಿಗಾದರೋ ಇತರರಲ್ಲಿರುವ ಪ್ರತಿಗಳು ಅಳಿದಷ್ಟೂ ಲಾಭ. ರಷ್ಯದ ಚಕ್ರವರ್ತಿಯ ಸರ್ಕಾರದ ಸಾಲಪತ್ರಗಳನ್ನು ನಂಬಿ ಫ್ರಾನ್ಸಿನ ಸಾಮಾನ್ಯ ಗೃಹಸ್ಥರು ತಮ್ಮ ಉಳಿತಾಯವನ್ನು ತೊಡಗಿಸಿದ್ದರು. 1918ರಲ್ಲಿ ಬೋಲ್ಶೆವಿಕ್ ಸರ್ಕಾರವು ಆ ಸಾಲವನ್ನು ತಿರಸ್ಕರಿಸಿತು. ಇಂದು ಆ ಚಿತ್ರಮಯ ಪತ್ರಗಳು ಸಂಗ್ರಾಹಕರ ಕೈಗಳಲ್ಲಿವೆ. ಅವುಗಳಲ್ಲಿ ಅನ್ಯರ ಕಣ್ಣೀರನ್ನು ಕಾಣುವವನಿಗೆ ಅವು ವೈರಾಗ್ಯಕ್ಕೆ ನಿಮಿತ್ತ. ಅನ್ಯರ ಪ್ರತಿ ಸುಟ್ಟುಹೋದರೆ ತನ್ನದರ ಬೆಲೆ ಏರುವುದೆಂದು ಒಳಗೊಳಗೆ ಹಿಗ್ಗುವವನಿಗೆ ಅವೇ ರೌದ್ರಧ್ಯಾನಕ್ಕೆ ನಿಮಿತ್ತ. ಪತ್ರವೊಂದೇ, ಪರಿಣಾಮ ಎರಡು.

ಈ ವಿಷಯದಲ್ಲಿ ರಾಜಶಾಸನವೇ ಒಂದು ಪರಿಮಾಣವನ್ನು ಹಾಕಿರುವುದು ಗಮನಾರ್ಹ. 2016ರಲ್ಲಿ ರದ್ದಾದ ನೋಟುಗಳನ್ನು ಯಾರೂ ಹತ್ತಕ್ಕಿಂತ ಹೆಚ್ಚು ಇರಿಸಿಕೊಳ್ಳಬಾರದೆಂದೂ, ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಸಲುವಾಗಿ ಇಪ್ಪತ್ತೈದರವರೆಗೆ ಇರಿಸಿಕೊಳ್ಳಬಹುದೆಂದೂ 2017ರ ಕಾಯಿದೆಯು ವಿಧಿಸಿತು. ಕಲಿಯುವವನಿಗೆ ಇಪ್ಪತ್ತೈದು ಸಾಕೆಂದು ರಾಜ್ಯವೇ ಹೇಳಿದ ಮೇಲೆ, ವ್ರತಿಯು ತನ್ನ ಇಡೀ ಸಂಗ್ರಹಕ್ಕೆ ಮಿತಿಯೇ ಬೇಡವೆಂದರೆ ಹೇಗೆ? ಶಾಸನವು ದಂಡದ ಭಯದಿಂದ ತಡೆಯುತ್ತದೆ. ವ್ರತವು ಇಚ್ಛೆಯನ್ನೇ ಅಳತೆಗೆ ತರುತ್ತದೆ.

ಆದುದರಿಂದ ಇಂತಹ ಸಂಗ್ರಹವುಳ್ಳ ಶ್ರಾವಕನು ಅದನ್ನು ಇಂದಿನ ಮಾರುಕಟ್ಟೆಯ ಬೆಲೆಯಲ್ಲಿ ತನ್ನ ಧನದ ಮಿತಿಯೊಳಗೇ ಎಣಿಸಬೇಕು. ಬೆಲೆಯಿಲ್ಲದವಕ್ಕೆ ಸಂಖ್ಯೆಯ ಮಿತಿಯನ್ನಾದರೂ ಹಾಕಿಕೊಳ್ಳಬೇಕು. ಮಿತಿ ಮೀರಿದುದನ್ನು ಮಾರಿ ಚತುರ್ವಿಧ ದಾನಕ್ಕೆ ವಿನಿಯೋಗಿಸಬಹುದು, ಇಲ್ಲವೆ ಹತ್ತು ಜನ ಕಲಿಯುವಂತಹ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬಹುದು. ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ ಉಪವಾಸವನ್ನು ಕೈಗೊಳ್ಳುವವರು ಆ ಪೆಟ್ಟಿಗೆಯನ್ನು ಒಮ್ಮೆ ತೆರೆದು, ಅದರಲ್ಲಿ ಎಲ್ಲಕ್ಕಿಂತ ಪ್ರಿಯವಾದ ಪತ್ರವೊಂದನ್ನು ಬೇರೊಬ್ಬರಿಗೆ ಕೊಡಲು ಮನಸ್ಸು ಒಪ್ಪುವುದೋ ಇಲ್ಲವೋ ಎಂದು ಪರೀಕ್ಷಿಸಿಕೊಳ್ಳುವುದು ಶ್ರೇಯಸ್ಕರ.