ಧುರೀಣನ ಕಾಯಕ



ಸಂಸ್ಥೆಗಳ ಹಿರಿಯರನ್ನು ಕುರಿತು ಮಾತನಾಡುವಾಗ ನಾವು ‘ಧುರೀಣ’ ಎಂಬ ಶಬ್ದವನ್ನು ಧಾರಾಳವಾಗಿ ಬಳಸುತ್ತೇವೆ. ಸಭೆಯಲ್ಲಿ ಹಾರ ಹಾಕುವ ಹೊತ್ತಿಗೆ ಅದು ಸಾಲದಾಗಿ ‘ಧುರಂಧರ’ ಎಂದು ಇನ್ನೊಂದು ಮೆಟ್ಟಿಲು ಏರಿಸುತ್ತೇವೆ. ಹೊಗಳಿಸಿಕೊಂಡವರೂ ಸಂತೋಷಪಡುತ್ತಾರೆ. ಆದರೆ ‘ಧುರ್’ ಎಂದರೆ ನೊಗ. ಅಮರಸಿಂಹನು ತನ್ನ ಕೋಶದಲ್ಲಿ ಧುರೀಣ, ಧುರಂಧರ, ಧೌರೇಯ ಎಂಬೀ ಪದಗಳನ್ನು ಇರಿಸಿರುವುದು ಅರಸರ ಸಾಲಿನಲ್ಲಲ್ಲ. ವೈಶ್ಯವರ್ಗದಲ್ಲಿ, ದನಕರುಗಳ ನಡುವೆ. ನೊಗ ಹೊರುವ ಎತ್ತೇ ಧುರೀಣ. ಮನುಷ್ಯನಿಗೆ ಈ ಹೆಸರು ಬಂದುದು ಎತ್ತಿನಿಂದ ಎರವಲಾಗಿ. ‘ಬಸವ’ ಎಂಬುದೂ ‘ವೃಷಭ’ ಶಬ್ದದ ತದ್ಭವವೆಂಬುದನ್ನು ಬಲ್ಲ ನಮಗೆ ಇದರಲ್ಲಿ ಅವಮಾನವೇನೂ ತೋರಬೇಕಾಗಿಲ್ಲ.

ಈಗ ಕಾರ್ಖಾನೆ, ಬ್ಯಾಂಕು, ಆಸ್ಪತ್ರೆ, ವಿದ್ಯಾಸಂಸ್ಥೆಗಳಲ್ಲೆಲ್ಲ ‘ಮುಖ್ಯ ಕಾರ್ಯನಿರ್ವಾಹಕ’ನೆಂಬ ಅಧಿಕಾರಿ ಇರುತ್ತಾನೆ. ಈ ಹೊಸ ಹೆಸರಿನಲ್ಲಿಯೂ ‘ವಹ’ ಎಂಬ ಧಾತುವೇ ಅಡಗಿದೆ. ಹೊರುವುದೇ ಅದರ ಅರ್ಥ. ‘ನಿರ್’ ಸೇರಿದ್ದರಿಂದ ಕೊನೆಯವರೆಗೆ ಹೊತ್ತು ಮುಟ್ಟಿಸುವವನೆಂದಾಯಿತು. ನಾಟ್ಯಶಾಸ್ತ್ರವನ್ನು ಓದಿದವರಿಗೆ ಇನ್ನೊಂದು ಮಾತು ನೆನಪಾದೀತು. ನಾಟಕಕ್ಕೆ ಐದು ಸಂಧಿಗಳು. ಮೊದಲನೆಯದು ಮುಖ, ಕೊನೆಯದು ನಿರ್ವಹಣ. ಪ್ರತಿಮುಖ, ಗರ್ಭ, ವಿಮರ್ಶ ಎಂಬ ಮೂರು ನಡುವೆ ಇವೆ. ನಮ್ಮ ತರುಣರು ಕೇಳುವ ಪ್ರಶ್ನೆಯಾದರೋ ಬಹುಮಟ್ಟಿಗೆ ಮುಖಸಂಧಿಗೇ ನಿಲ್ಲುತ್ತದೆ: ಆ ಪೀಠವನ್ನು ಏರುವುದು ಹೇಗೆ? ಏರಿದ ಮೇಲೆ ಅಲ್ಲಿ ನಿಲ್ಲುವುದು ಹೇಗೆಂದು ಕೇಳುವವರು ವಿರಳ. ಇಳಿಯುವುದು ಹೇಗೆಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಇದಕ್ಕಾಗಿ ಶಿಕ್ಷಣ ಕೊಡುವ ಶಾಲೆಗಳಿವೆ. ಮಾತಿನ ವರಸೆ, ಉಡುಗೆಯ ಅಚ್ಚುಕಟ್ಟು, ಸಭೆ ನಡೆಸುವ ಕ್ರಮ ಮೊದಲಾದವನ್ನು ಅಲ್ಲಿ ಕಲಿಸುತ್ತಾರೆ. ಇವು ಬೇಡವೆಂದು ನಾನು ಹೇಳಲಾರೆ. ಸಭೆಯನ್ನು ಹೊತ್ತಿಗೆ ಸರಿಯಾಗಿ ಮುಗಿಸಬಲ್ಲ ಅಧ್ಯಕ್ಷರು ನಮ್ಮ ಸೀಮೆಯಲ್ಲಿ ದುರ್ಲಭರಾಗಿದ್ದಾರೆ. ಆದರೆ ಶರಣರ ಚರಿತ್ರೆಯನ್ನು ನೋಡಿದರೆ ಈ ವಿದ್ಯೆಯ ಬೇರು ಬೇರೆಡೆಯಲ್ಲಿದೆಯೆಂಬುದು ವೇದ್ಯವಾಗುತ್ತದೆ.

ಅಣ್ಣನವರು ಬಿಜ್ಜಳನ ಆಸ್ಥಾನವನ್ನು ಮಂತ್ರಿಯಾಗಿ ಹೊಕ್ಕವರಲ್ಲ. ಕರಣಿಕನ ಕೆಲಸದಿಂದ ಆರಂಭಿಸಿ ಭಂಡಾರಿಯಾದರೆಂದು ಪೂರ್ವಕವಿಗಳು ಹೇಳುತ್ತಾರೆ. ಲೆಕ್ಕ ಬರೆಯುವವರ ಸಾಲಿನಲ್ಲಿ ಕುಳಿತವನಿಗೆ ರಾಜ್ಯದ ಹಣವು ಎಲ್ಲಿಂದ ಬರುತ್ತದೆ, ಯಾರ ಬೆವರಿನಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಎಂಬುದು ಅಂಗೈಯ ನೆಲ್ಲಿಯಂತೆ ಕಾಣುತ್ತದೆ. ಮೇಲಿನಿಂದ ಬಂದು ಕುಳಿತವನಿಗೆ ಇತರರು ಹೇಳಿದಷ್ಟೇ ಕಾಣುತ್ತದೆ. ನಮ್ಮ ನಾಡಿನಲ್ಲಿ ಈಚಿನ ನಿದರ್ಶನ ಬೇಕಾದರೆ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೋಡಬಹುದು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರರಾಗಿ ಸೇರಿದ ಅವರು ಮೈಸೂರಿನ ಮುಖ್ಯ ಎಂಜಿನಿಯರರಾದುದು 1909ರಲ್ಲಿ; ದಿವಾನರಾದುದು 1912ರಲ್ಲಿ. ನಡುವಿನ ವರ್ಷಗಳು ಕಾಲುವೆಯ ದಂಡೆ, ಕುಡಿಯುವ ನೀರಿನ ಕೊಳವೆ, ಅಣೆಕಟ್ಟಿನ ಬಾಗಿಲುಗಳ ನಡುವೆ ಕಳೆದವು. ದಿವಾನಗಿರಿಗೆ ಬೇಕಾದ ವಿದ್ಯೆ ಅಲ್ಲಿಯೇ ಸಂಗ್ರಹವಾಯಿತು.

ಭಂಡಾರಿಯ ಹುದ್ದೆ ದೊರೆತ ಮೇಲೆ ಅಣ್ಣನವರಿಗೆ ಬಂದ ಪರೀಕ್ಷೆ ಯಾವುದು? ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಚಾಡಿಕೋರರು ಅರಸನ ಕಿವಿಯಲ್ಲಿ ಊದಿದರು. ಅರಸನು ಲೆಕ್ಕ ಕೇಳಿದನು. ಭಂಡಾರವನ್ನು ತೆರೆದು ಎಣಿಸಲಾಗಿ ಒಂದು ಹಣವೂ ಕೊರತೆಯಾಗಲಿಲ್ಲ. ಪುರಾಣಗಳು ಇದನ್ನು ಪವಾಡವೆಂದು ವರ್ಣಿಸುತ್ತವೆ. ಭಕ್ತಿಯಿಂದ ಕೇಳುವವರು ಹಾಗೆಯೇ ಕೇಳಲಿ. ನನ್ನ ಮನಸ್ಸು ನಿಲ್ಲುವುದು ಅದಕ್ಕೆ ಒಂದು ಗಳಿಗೆ ಮುಂಚೆ. ‘ನನ್ನಂಥವನನ್ನು ಸಂಶಯಿಸುವಿರಾ?’ ಎಂದು ಅಣ್ಣನವರು ಮುನಿಯಲಿಲ್ಲ. ತಮ್ಮ ಭಕ್ತಿಯನ್ನು ಅಡ್ಡ ಹಿಡಿಯಲಿಲ್ಲ. ಹೊರಗೆ ಅಷ್ಟು ಶರಣರ ಬಲವಿದ್ದರೂ ಅದನ್ನು ತೋರಿಸಲಿಲ್ಲ. ಬೀಗ ತೆಗೆದರು. ಪ್ರಾಮಾಣಿಕನಾದವನಿಗೂ ಲೆಕ್ಕ ಕೇಳಿದರೆ ಮುಖ ಕೆಂಪೇರುವುದು ಲೋಕದ ರೂಢಿ. ಕೇಳಿದವನು ಹಗೆಯೇ ಇರಲಿ, ಆತನ ಕೇಳುವ ಹಕ್ಕನ್ನು ಒಪ್ಪುವುದು ಅಧಿಕಾರಿಯ ಮೊದಲ ಕಲಿಕೆ.

ಆದರೆ ಹಣದ ಲೆಕ್ಕವು ಸುಲಭದ ಲೆಕ್ಕ. ಅದಕ್ಕಿಂತ ಕಠಿಣವಾದ ಇನ್ನೊಂದನ್ನು ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯಲ್ಲಿ ಕಾಣಬೇಕು. ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸೋಣ.

ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಸಿದ್ಧರಾಮರು ಕೆರೆಯನ್ನು ಕಟ್ಟಿಸುತ್ತಿದ್ದರು. ಸಾವಿರಾರು ಜನ ಮಣ್ಣು ಅಗೆಯುವವರು, ಹೊರುವವರು, ಕಲ್ಲು ಕೂರಿಸುವವರು. ಅವರಿಗೆ ಊಟ, ನೆರಳು, ಕೆಲಸದ ಹಂಚಿಕೆ ಎಲ್ಲವನ್ನೂ ನೋಡಿಕೊಳ್ಳುವ ಹೊಣೆ ಒಬ್ಬರ ಮೇಲೆ. ಮಾಡುತ್ತಿದ್ದುದೋ ಮಹತ್ಕಾರ್ಯ, ಬರಗಾಲದ ಸೀಮೆಯಲ್ಲಿ ನೀರು ನಿಲ್ಲಿಸುವುದಕ್ಕಿಂತ ದೊಡ್ಡ ಪುಣ್ಯವಿಲ್ಲ. ಸ್ವಾರ್ಥದ ಲೇಶವೂ ಅದರಲ್ಲಿರಲಿಲ್ಲ. ಹೀಗಿರಲು ಒಂದು ದಿನ ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಬಂದವರು ಕೆರೆಯನ್ನು ಹೊಗಳಲಿಲ್ಲ. ‘ಒಡ್ಡರಾಮನು ಎಲ್ಲಿ?’ ಎಂದು ಕೇಳಿದರು. ಕೇಳಿದೊಡನೆ ಕೆಲಸಗಾರರು ಕೈಯಲ್ಲಿದ್ದ ಕಲ್ಲುಗಳನ್ನೇ ಎತ್ತಿ ಪ್ರಭುಗಳ ಮೇಲೆ ಬೀರಿದರು. ಸುದ್ದಿ ತಿಳಿದು ಬಂದ ಸಿದ್ಧರಾಮರು ಕೋಪದಿಂದ ಉರಿಗಣ್ಣನ್ನೇ ತೆರೆದರೆಂದು ಶೂನ್ಯಸಂಪಾದನೆಯ ಕಥೆಯಿದೆ. ಕಲ್ಲೂ ಪ್ರಭುಗಳನ್ನು ಮುಟ್ಟಲಿಲ್ಲ, ಉರಿಯೂ ಸುಡಲಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮಣ್ಣು ಅಗೆದು ಒಡ್ಡು ಕಟ್ಟುವವರ ಕಾಯಕದ ಹೆಸರೇ ಪ್ರಭುಗಳು ಆಡಿದ ಮಾತು. ಹಗಲೆಲ್ಲ ಅವರೊಡನೆ ಇದ್ದು ಅವರ ಶ್ರಮದಿಂದಲೇ ಕೀರ್ತಿ ಪಡೆದ ಹಿರಿಯನನ್ನು ಅವರದೇ ಹೆಸರಿನಿಂದ ಕರೆದರೆ ಅದು ಬೈಗುಳವಾದುದು ಹೇಗೆ? ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನುಡಿಯುವ ನಾವೂ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರೆವು. ಕಾಲೇಜಿನ ಪ್ರಾಂಶುಪಾಲರನ್ನು ‘ಮೇಷ್ಟ್ರೇ’ ಎಂದು ಕರೆದು ನೋಡಿರಿ!

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಮೊದಲು ಕಲ್ಲೆಸೆದವರು ಸಿದ್ಧರಾಮರಲ್ಲ, ಅವರ ಕೆಲಸಗಾರರು. ‘ಎಸೆಯಿರಿ’ ಎಂದು ಯಾರೂ ಆಜ್ಞೆ ಮಾಡಿರಲಿಲ್ಲ. ಹಿರಿಯನ ಮನಸ್ಸಿನಲ್ಲಿ ಎಲ್ಲಿ ಹುಣ್ಣಿದೆಯೆಂಬುದು ಕೆಳಗಿನವರಿಗೆ ಹೇಳದೆಯೇ ತಿಳಿದಿರುತ್ತದೆ. ಅದನ್ನು ಮುಟ್ಟಲು ಬಂದವನನ್ನು ಅವರು ಬಾಗಿಲಲ್ಲಿಯೇ ತಡೆಯುತ್ತಾರೆ. ಸಂಸ್ಥೆಯ ಮುಖ್ಯಸ್ಥನು ಸ್ವತಃ ಸೌಮ್ಯನಾಗಿದ್ದು, ಆತನಿಗೆ ಅಹಿತವಾದ ಮಾತು ಆತನವರೆಗೆ ತಲುಪದಂತೆ ಕಲ್ಲು ಹಿಡಿದು ನಿಂತವರು ಸುತ್ತಲೂ ಇರುವುದನ್ನು ನಾವು ಎಷ್ಟು ಕಡೆ ನೋಡಿಲ್ಲ? ‘ನನ್ನ ಬಾಗಿಲು ಎಲ್ಲರಿಗೂ ತೆರೆದಿದೆ’ ಎಂದು ಆತನು ನಿಜವಾಗಿಯೇ ನಂಬಿರುತ್ತಾನೆ. ಇಂಥ ಅಧಿಕಾರಿಯು ಕೆಡುವುದು ದುಷ್ಟತನದಿಂದಲ್ಲ, ಕೇಳದೆ ಇರುವುದರಿಂದ. ಲೆಕ್ಕಪತ್ರಗಳು ಶುದ್ಧವಾಗಿದ್ದಾಗಲೂ ಸಂಸ್ಥೆ ಒಳಗಿನಿಂದ ಒಣಗುತ್ತದೆ.

ಸಿದ್ಧರಾಮರ ದೊಡ್ಡತನವಿರುವುದು ಮುಂದಿನ ಭಾಗದಲ್ಲಿ. ಅವರು ಪ್ರಭುಗಳ ಮಾತನ್ನು ಕೇಳಲು ಕುಳಿತರು. ನೀರು ತುಂಬಿಸಿದೆ, ಗುಡಿ ಕಟ್ಟಿಸಿದೆ, ಲಿಂಗ ಸ್ಥಾಪಿಸಿದೆ ಎಂಬಲ್ಲೆಲ್ಲ ‘ನಾನು’ ಎಂಬುದು ಕಲ್ಲಿನ ಸಂದಿನಲ್ಲಿ ಗಾರೆಯಂತೆ ಸೇರಿಕೊಂಡಿರುವುದನ್ನು ಪ್ರಭುಗಳು ತೋರಿಸಿದರು. ಕೆರೆಯನ್ನು ಮುಚ್ಚೆಂದು ಅವರು ಹೇಳಲಿಲ್ಲವೆಂಬುದನ್ನು ಮರೆಯಬಾರದು. ಅವರ ಆಕ್ಷೇಪವು ಕಾರ್ಯದ ಮೇಲಲ್ಲ, ಕರ್ತೃತ್ವದ ಮೇಲೆ. ಆ ವಾದ ಒಂದೇ ಮಾತಿಗೆ ಮುಗಿಯಲೂ ಇಲ್ಲ. ಸಿದ್ಧರಾಮರು ತರ್ಕಿಸಿದರು, ಸಂಶಯಪಟ್ಟರು. ಕಲ್ಯಾಣಕ್ಕೆ ಹೋದ ಮೇಲೂ ಇಷ್ಟಲಿಂಗದೀಕ್ಷೆಗೆ ಒಡನೆ ಒಪ್ಪಲಿಲ್ಲ. ಕೊನೆಗೆ ವಯಸ್ಸಿನಲ್ಲಿ ಚಿಕ್ಕವರಾದ ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರು.

ಇಷ್ಟಾದರೆ ಆಡಳಿತ ನಡೆಯುವುದು ಹೇಗೆ, ಎಲ್ಲರ ಮಾತಿಗೂ ಬಾಗಿದರೆ ನೊಗವೆಲ್ಲಿ ಉಳಿದೀತು ಎಂದು ವ್ಯವಹಾರ ಬಲ್ಲವರು ಕೇಳಬಹುದು. ಕೇಳಬೇಕಾದ ಮಾತೇ. ತಿದ್ದಿಸಿಕೊಳ್ಳುವುದು ಬೇರೆ, ಬಾಗುವುದು ಬೇರೆ. ಮಾರಯ್ಯನವರು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನವರು ಮನೆಯೊಳಗೆ ಸೇರಿಸದೆ ಹಿಂದಕ್ಕೆ ಕಳಿಸಿದರು. ಆ ‘ಒಲ್ಲೆ’ ಎಂಬ ಮಾತಿನಲ್ಲಿ ಮೃದುತ್ವವೇನೂ ಇರಲಿಲ್ಲ. ಬಂಧುಗಳಿಗೆ, ಮಿತ್ರರಿಗೆ, ಉಪಕಾರ ಮಾಡಿದವರಿಗೆ ‘ಆಗದು’ ಎನ್ನಲಾರದವನು ಪೀಠದಲ್ಲಿ ಬಹುಕಾಲ ನಿಲ್ಲಲಾರನು. ಆದರೆ ಅನ್ಯರಿಗೆ ‘ಆಗದು’ ಎಂದು ಹೇಳುವ ಬಲ ಬರಬೇಕಾದರೆ ತನಗೂ ‘ಆಗದು’ ಎಂದು ಹೇಳುವವರು ಹತ್ತಿರ ಇರಬೇಕು. ಕಲ್ಯಾಣದ ಮಹಾಮನೆಯಲ್ಲಿ ಮಡಿವಾಳ ಮಾಚಯ್ಯನವರಿದ್ದರು. ನೀಡುವವನು ನಾನೆಂಬ ಎಣಿಕೆ ಅಣ್ಣನವರಲ್ಲಿ ತಲೆಯೆತ್ತಿದಾಗ ಅದನ್ನು ಬಟ್ಟೆಯ ಕೊಳೆಯಂತೆ ಒಗೆದವರು ಅವರೇ ಎಂದು ಪರಂಪರೆ ಹೇಳುತ್ತದೆ. ಈಗಿನ ಕಂಪನಿಗಳಲ್ಲಿ ಅಧ್ಯಕ್ಷನೂ ಕಾರ್ಯನಿರ್ವಾಹಕನೂ ಬೇರೆ ಬೇರೆ ವ್ಯಕ್ತಿಗಳಾಗಿರುವುದು ಲೇಸೆಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ. ಪೀಠಗಳನ್ನು ಎರಡು ಮಾಡುವುದು ಸುಲಭ. ಮಾಚಯ್ಯನನ್ನು ಸಹಿಸುವುದು ಕಷ್ಟ.

ಇನ್ನು ಉತ್ತರಾಧಿಕಾರದ ಮಾತು. ಅನುಭವಮಂಟಪದ ಶೂನ್ಯಸಿಂಹಾಸನವನ್ನು ಸಿದ್ಧಪಡಿಸಿದವರು ಅಣ್ಣನವರು. ಅದರ ಮೇಲೆ ಕುಳಿತವರು ಅವರಲ್ಲ. ಮೊದಲು ಅಲ್ಲಮಪ್ರಭುಗಳು, ಬಳಿಕ ಚನ್ನಬಸವಣ್ಣನವರು, ಮೂರನೆಯವರಾಗಿ ಸಿದ್ಧರಾಮರು. ಹೌದು, ಕೆರೆಯ ದಂಡೆಯ ಮೇಲೆ ಉರಿಗಣ್ಣು ತೆರೆದ ಅದೇ ಸಿದ್ಧರಾಮರು. ಕಟ್ಟಿದವನೇ ಕೂಡಬೇಕು, ಅವನ ನಂತರ ಅವನ ಮಗನು ಕೂಡಬೇಕು ಎಂಬ ನಿಯಮ ಅಲ್ಲಿರಲಿಲ್ಲ.

ಇದು ಮಠಮಂಟಪಗಳ ಮಾತಾಯಿತು, ಹಣದ ವ್ಯವಹಾರದಲ್ಲಿ ಸಾಧ್ಯವೇ ಎಂದರೆ ನಮ್ಮ ನಾಡಿನಲ್ಲಿಯೇ ಬೆಳೆದ ಇನ್ಫೋಸಿಸ್ ಕಂಪನಿಯ ವೃತ್ತಾಂತವನ್ನು ನೋಡಬಹುದು. 1981ರಲ್ಲಿ ಏಳು ಜನ ಸೇರಿ ಪುಣೆಯಲ್ಲಿ ಆರಂಭಿಸಿದ ಸಂಸ್ಥೆ ಅದು. ಎರಡು ವರ್ಷಗಳ ಮೇಲೆ ಬೆಂಗಳೂರಿಗೆ ಬಂದಿತು. ನಾರಾಯಣ ಮೂರ್ತಿಯವರು 2002ರವರೆಗೆ ಮುಖ್ಯ ಕಾರ್ಯನಿರ್ವಾಹಕರಾಗಿದ್ದು ನಂದನ್ ನಿಲೇಕಣಿಯವರಿಗೆ ಸ್ಥಾನ ಬಿಟ್ಟರು. 2007ರಲ್ಲಿ ಗೋಪಾಲಕೃಷ್ಣನ್, 2011ರಲ್ಲಿ ಶಿಬುಲಾಲ್ ಬಂದರು. ಜೊತೆಗೆ ಕಟ್ಟಿದವರು ಒಬ್ಬರ ನಂತರ ಒಬ್ಬರು ಇಳಿದು ದಾರಿ ಮಾಡಿಕೊಟ್ಟ ಈ ಕ್ರಮ ಶ್ಲಾಘ್ಯವಾದುದು. ಆದರೂ 2013ರಲ್ಲಿ ಮೂರ್ತಿಯವರೇ ಮರಳಿ ಬರಬೇಕಾಯಿತು. ಮರುವರ್ಷ ಅವರು ಮತ್ತೆ ಇಳಿದರು. ಆಗ ಮೊದಲ ಬಾರಿಗೆ ಸ್ಥಾಪಕರಲ್ಲದವರೊಬ್ಬರು ಆ ಸ್ಥಾನಕ್ಕೆ ಬಂದರು. ಅವರೂ 2017ರಲ್ಲಿ ಬಿಟ್ಟರು. ನೊಗವನ್ನು ಇನ್ನೊಂದು ಹೆಗಲಿಗೆ ಬದಲಿಸುವುದು ಸಜ್ಜನರಿಗೂ ಎಷ್ಟು ಕಠಿಣವೆಂಬುದು ಇದರಿಂದ ತಿಳಿಯುತ್ತದೆ. ರಿಜರ್ವ್ ಬ್ಯಾಂಕು 2021ರಲ್ಲಿ ಖಾಸಗಿ ಬ್ಯಾಂಕುಗಳ ಮುಖ್ಯ ಕಾರ್ಯನಿರ್ವಾಹಕರು ಒಂದೇ ಬ್ಯಾಂಕಿನಲ್ಲಿ 15 ವರ್ಷಗಳಿಗಿಂತ ಹೆಚ್ಚು ಕಾಲ ಸತತವಾಗಿ ಆ ಸ್ಥಾನದಲ್ಲಿರಬಾರದೆಂದು ವಿಧಿಸಿತು. ತಾವಾಗಿ ಇಳಿಯದವರಿಗೆ ಕಾನೂನೇ ಮೆಟ್ಟಿಲು ತೋರಿಸಬೇಕಾಯಿತು.

ನಾನು ಬಲ್ಲ ಒಂದು ಹಳ್ಳಿಯ ಸಂಘದಲ್ಲಿ ಕಾರ್ಯದರ್ಶಿಗಳು ದೀರ್ಘಕಾಲ ಒಬ್ಬರೇ ಎಲ್ಲವನ್ನೂ ನಡೆಸಿದರು. ಒಂದು ಕಾಸನ್ನೂ ಮುಟ್ಟಿದವರಲ್ಲ. ಯಾವ ರೈತನ ಸಾಲ ಯಾವಾಗ ಮರಳಿತು, ಯಾರಿಗೆ ಅವಧಿ ಕೊಡಬೇಕು ಎಂಬುದೆಲ್ಲ ಅವರ ತಲೆಯಲ್ಲಿಯೇ ಇತ್ತು. ಸಹಾಯಕರು ಬೇಡವೆಂದರು; ಹುಡುಗರಿಗೆ ಜವಾಬ್ದಾರಿ ತಿಳಿಯದು ಎಂಬುದು ಅವರ ಮಾತು. ಅವರು ತೀರಿಕೊಂಡ ಮರುದಿನ ಸಂಘದ ಕಬ್ಬಿಣದ ಪೆಟ್ಟಿಗೆಯನ್ನು ತೆರೆಯಲು ಕಮ್ಮಾರನನ್ನು ಕರೆಸಬೇಕಾಯಿತು. ಪೆಟ್ಟಿಗೆಯಲ್ಲಿ ಹಣ ಸರಿಯಾಗಿತ್ತು. ಆದರೆ ಆ ವರ್ಷ ಬಿತ್ತನೆಯ ಹೊತ್ತಿಗೆ ಸಾಲ ದೊರೆಯದೆ ಅನೇಕರು ಬಡ್ಡಿಯವರ ಮನೆಗೆ ಹೋದರು. ಪ್ರಾಮಾಣಿಕತೆಯೊಂದೇ ಸಾಲದೆಂಬುದನ್ನು ಆ ಊರಿನವರು ಹೀಗೆ ಕಲಿತರು.

ಇಳಿದವನು ಮುಂದೇನು ಮಾಡಬೇಕೆಂಬ ಭಯವೇ ಎಷ್ಟೋ ಜನರನ್ನು ಪೀಠಕ್ಕೆ ಕಟ್ಟಿಹಾಕುತ್ತದೆ. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಐದು ವರ್ಷಗಳ ಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಡೆಸುವ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ಅದನ್ನು ನಡೆಸಿದರು. ಇಡೀ ರಾಜ್ಯವನ್ನು ಆಳಿದವರು ಒಂದು ಕಾರ್ಖಾನೆಯ ಲಾಭನಷ್ಟವನ್ನು ನೋಡುತ್ತ ಕೂಡುವುದು ತಮಗೆ ಕಡಿಮೆಯೆಂದು ಭಾವಿಸಲಿಲ್ಲ. ಸಿದ್ಧರಾಮರಾದರೋ ಕಲ್ಯಾಣದಿಂದ ತಮ್ಮ ಸೊನ್ನಲಿಗೆಗೇ ಮರಳಿದರು. ಅವರು ಕಟ್ಟಿಸಿದ ಕೆರೆಯ ನಡುವಿನ ಗುಡಿಯಲ್ಲಿಯೇ ಅವರ ಸಮಾಧಿಯಿದೆ, ಸುತ್ತಲೂ ನೀರಿದೆ.