ಕೋವಿಯ ಮೂಲ

ಋಷಿಮೂಲ, ನದೀಮೂಲ ಕೇಳಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕೆದಕಿದರೆ ಗೌರವ ಕಡಿಮೆಯಾದೀತೆಂಬ ಅಂಜಿಕೆ ಆ ಮಾತಿನ ಹಿಂದಿದೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದವರೂ ಅದೇ ಹಿರಿಯರು. ಈ ಎರಡು ಗಾದೆಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ನನಗೆ ಎದುರಾದದ್ದು ಒಂದು ಹಳೆಯ ಮಿಲಿಟರಿ ಕೋವಿಯ ದೆಸೆಯಿಂದ.

ಗೋವಾದಲ್ಲಿ ಪರಿಚಿತರೊಬ್ಬರ ಮನೆಯ ಚಾವಡಿಯಲ್ಲಿ ಆ ಕೋವಿ ಇದೆ. ನಳಿಗೆಗೆ ತೂತು ಕೊರೆದು ಇನ್ನೆಂದೂ ಗುಂಡು ಹಾರದಂತೆ ಮಾಡಲಾಗಿದೆ. ಅದಕ್ಕೆ ಬೇಕಾದ ಕಾಗದಪತ್ರಗಳೂ ಉಂಟು. 1961ರ ಡಿಸೆಂಬರ್ 19ರಂದು ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಭಾರತದ ಸೇನೆಗೆ ಶರಣಾದಾಗ ಪೋರ್ಚುಗೀಸ್ ಸೈನಿಕನೊಬ್ಬ ಬಿಟ್ಟುಹೋದ ಕೋವಿ ಇದು ಎಂಬುದು ಮನೆಯವರ ನಂಬಿಕೆ. ಹಳೆಯ ಆಯುಧಗಳಲ್ಲಿ ನನಗಿರುವ ಆಸಕ್ತಿಯನ್ನು ಬಲ್ಲ ಅವರು, 'ಇದು ಅಸಲಿಯೇ, ನೋಡಿ ಹೇಳಿ' ಎಂದರು.

ಮಿಲಿಟರಿ ಕೋವಿಯ ಮೈಯೇ ಅದರ ಜಾತಕ. ಇದರ ಪಕ್ಕದಲ್ಲಿ ಬರ್ಲಿನ್ ನಗರದ ಕಾರ್ಖಾನೆಯೊಂದರ ಹೆಸರಿದೆ. ನೆತ್ತಿಯ ಮೇಲೆ ಕಿರೀಟ, ಅದರ ಕೆಳಗೆ ಪೋರ್ಚುಗಲ್ಲಿನ ದೊರೆ ಒಂದನೆಯ ಕಾರ್ಲೋಸನ ಮುದ್ರೆ. ಇದು 1904ರ ಮಾದರಿ. ಜರ್ಮನಿಯ ಮೌಸರ್ ಕೋವಿಯನ್ನು ವೆರ್ಗೇರೊ ಎಂಬ ಪೋರ್ಚುಗೀಸ್ ಅಧಿಕಾರಿ ತಿದ್ದಿದ್ದರಿಂದ ಇದಕ್ಕೆ ಮೌಸರ್-ವೆರ್ಗೇರೊ ಎಂದು ಹೆಸರು. 1908ರಲ್ಲಿ ಲಿಸ್ಬನ್ನಿನ ಬೀದಿಯಲ್ಲಿ ದೊರೆಯ ಕೊಲೆಯಾಯಿತು. 1910ರಲ್ಲಿ ರಾಜಪ್ರಭುತ್ವವೇ ಹೋಯಿತು. ಕೋವಿಯ ಮೇಲಿನ ಕಿರೀಟ ಮಾತ್ರ ಉಳಿಯಿತು. 1930ರ ದಶಕದ ಕೊನೆಗೆ, ಸಲಜಾರನ ಆಳ್ವಿಕೆಯಲ್ಲಿ, ಇಂಥ ಹಲವು ಕೋವಿಗಳನ್ನು ಗಿಡ್ಡಮಾಡಿ, 6.5 ಮಿಲಿಮೀಟರಿನಿಂದ 7.92 ಮಿಲಿಮೀಟರಿಗೆ ಬದಲಾಯಿಸಿದರು. ಚಾವಡಿಯ ಕೋವಿಯೂ ಆ ಪೈಕಿಯದು. ಅದರ ಬೋಲ್ಟಿನ ಮೇಲಿರುವ ಸಂಖ್ಯೆಗೂ ಮೈಮೇಲಿನ ಸಂಖ್ಯೆಗೂ ಹೊಂದಿಕೆಯಿಲ್ಲ. ಯಾವುದೋ ಮಿಲಿಟರಿ ಕಮ್ಮಟದಲ್ಲಿ ಎರಡು ಕೋವಿಗಳ ಭಾಗಗಳು ಬೆರೆತಿವೆ.

ಅಂದರೆ ಇದು ಪೋರ್ಚುಗೀಸ್ ಸೇನೆಯ ಕೋವಿ ಹೌದು. 1961ರ ಕಥೆ? ಅದಕ್ಕೆ ಕಬ್ಬಿಣದಲ್ಲಿ ಸಾಕ್ಷಿಯಿಲ್ಲ. ವಿರುದ್ಧ ಸಾಕ್ಷಿಯೂ ಇಲ್ಲ. ಕೋವಿ ಎಲ್ಲಿ ಹುಟ್ಟಿತೆಂದು ಮುದ್ರೆ ಹೇಳೀತು. ಯಾರ ಕೈಯಲ್ಲಿತ್ತು, ಯಾವ ದಿನ ಕೆಳಗೆ ಬಿತ್ತು ಎಂದು ಹೇಳದು. ನಮ್ಮ ಮನೆಗಳ ಹಂಚನ್ನೇ ನೋಡಿ. ಬಾಸೆಲ್ ಮಿಶನ್ನಿನ ಹಂಚುಗಳ ಬೆನ್ನಲ್ಲಿ 1865 ಎಂದು ಅಚ್ಚಾಗಿರುವುದುಂಟು. ಅದು ಮಂಗಳೂರಿನಲ್ಲಿ ಕಾರ್ಖಾನೆ ಆರಂಭವಾದ ವರ್ಷ. ಅದನ್ನು ನೋಡಿ ಮನೆ ಕಟ್ಟಿದ್ದೂ ಆಗಲೇ ಎಂದರೆ, ಹಂಚು ಸುಳ್ಳು ಹೇಳಿದಂತಾಗಲಿಲ್ಲ. ನಾವು ಅದರ ಬಾಯಲ್ಲಿ ಇಲ್ಲದ ಮಾತನ್ನು ಹಾಕಿದಂತಾಯಿತು.

ನಾನು ಇಷ್ಟು ಹೇಳಿದ ಮೇಲೆ ಅವರು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. 'ಬೋಲ್ಟಿನ ಸಂಖ್ಯೆಯನ್ನು ಅರದಿಂದ ತೇಯಿಸಿ, ಮೈಮೇಲಿನ ಸಂಖ್ಯೆಯನ್ನೇ ಅಲ್ಲಿ ಹೊಡೆಸಿದರೆ ಹೇಗೆ? ಸಂಖ್ಯೆ ಕೂಡಿಬಂದರೆ ನಮ್ಮ ಮಾತಿಗೂ ಬೆಲೆ ಬಂದೀತು.' ಒಬ್ಬ ಕಮ್ಮಾರನಿಗೆ ಅರ್ಧ ಗಂಟೆಯ ಕೆಲಸ. ಕೇಡೇನು?

ಬದಲಾವಣೆಯೇ ಕೇಡಲ್ಲ. ದೇವಸ್ಥಾನ ಜೀರ್ಣೋದ್ಧಾರವಾಗುತ್ತದೆ, ಮರ ಬದಲಾಗುತ್ತದೆ, ಮಾಡು ಬದಲಾಗುತ್ತದೆ, ಬ್ರಹ್ಮಕಲಶವಾಗುತ್ತದೆ. ಇದು ಹಳೆಯ ದೇವಸ್ಥಾನವಲ್ಲ ಎಂದು ಯಾರೂ ಹೇಳುವುದಿಲ್ಲ. ಆದರೆ ಅದೇ ಸಂದರ್ಭದಲ್ಲಿ ಹೊಸ ಕಲ್ಲೊಂದರ ಮೇಲೆ ಹಳೆಗನ್ನಡದಲ್ಲಿ ಶಾಸನ ಕೆತ್ತಿಸಿ, ನೆಲ ಅಗೆಯುವಾಗ ಸಿಕ್ಕಿತೆಂದು ಹೇಳಿದರೆ? ಹೊಸ ಮರ ತನ್ನ ಹೊಸತನವನ್ನು ಬಚ್ಚಿಡುವುದಿಲ್ಲ. ಆ ಕಲ್ಲು ಬಚ್ಚಿಡುತ್ತದೆ. ಈಗ ಪಾಕಿಸ್ತಾನದಲ್ಲಿರುವ ದರ್ರಾ ಆದಂ ಖೇಲಿನ ಕಮ್ಮಾರರು ಬ್ರಿಟಿಷ್ ಕೋವಿಗಳನ್ನು ಕೈಯಿಂದಲೇ ಮಾಡುವುದರಲ್ಲಿ ಪ್ರಸಿದ್ಧರು. 1901ರಲ್ಲಿ ತೀರಿಕೊಂಡ ವಿಕ್ಟೋರಿಯಾ ರಾಣಿಯ ಮುದ್ರೆಯ ಕೆಳಗೆ ಆಮೇಲಿನ ವರ್ಷಗಳು ಕಾಣುವುದು, ಇಂಗ್ಲಿಷ್ ಅಕ್ಷರಗಳು ತಿರುಗುಮುರುಗಾಗಿರುವುದು ಅಂಥ ಕೋವಿಗಳ ಗುರುತು. ಅವರ ಕೈಚಳಕ ಸುಳ್ಳಲ್ಲ. ತಮ್ಮ ಹೆಸರು ಹೊಡೆದಿದ್ದರೆ ಅದು ಅಪ್ಪಟ ದರ್ರಾ ಕೋವಿಯೇ. ಸುಳ್ಳಿರುವುದು ಮುದ್ರೆಯಲ್ಲಿ.

ಗೋಡೆಯ ಮೇಲಿನ ಕೋವಿಯ ಒಂದು ಅಂಕಿಯಿಂದ ಯಾರಿಗೆ ನಷ್ಟ ಎಂದು ಯಾರಾದರೂ ಕೇಳಬಹುದು. ಇದು ಹೂಜಿಯಲ್ಲ, ದೀಪವಲ್ಲ, ಕೋವಿ. 1955ರ ಆಗಸ್ಟ್ 15ರಂದು ನಿರಾಯುಧ ಸತ್ಯಾಗ್ರಹಿಗಳು ಗೋವಾದ ಗಡಿ ದಾಟಿದಾಗ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. 1961ರ ಡಿಸೆಂಬರಿನಲ್ಲಿ ಎರಡೂ ಕಡೆಯ ಸೈನಿಕರು ಸತ್ತರು. ಇಂದು ಒಂದು ಅಂಕಿ ತಿದ್ದಿ ಕಥೆಗೆ ಬಲ ಕೊಟ್ಟವರು ನಾಳೆ ಅದೇ ಕೋವಿ 1955ರಲ್ಲಿ ಹಾರಿದ್ದೆಂದು ಹೇಳಲು ಏನು ಅಡ್ಡಿ? ಸತ್ತವರು ಬಂದು ಅಲ್ಲಗಳೆಯಲಾರರು. ಅವರ ಕಾಲದಿಂದ ನಮಗೆ ಬಂದಿರುವುದು ಕೆಲವು ಕಾಗದ, ಕೆಲವು ಕಬ್ಬಿಣ. ಅದರ ಮಾತನ್ನು ನಾವು ತಿದ್ದಿದರೆ ಅವರ ಪರವಾಗಿ ಮಾತಾಡಲು ಇದ್ದ ಒಂದೇ ಸಾಕ್ಷಿಯನ್ನು ಕೆಡಿಸಿದಂತೆ.

ಅಂಕಿಯನ್ನು ಮುಟ್ಟಬೇಡಿ ಎಂದೆ. ಅಜ್ಜ ಹೇಳಿದ್ದನ್ನು ಅಜ್ಜ ಹೇಳಿದ್ದೆಂದೇ ಬರೆದಿಡಿ. ಯಾರು, ಯಾರಿಂದ, ಯಾವಾಗ ಕೇಳಿದ್ದೆಂದು ಸೇರಿಸಿ, ಆ ಕಾಗದವನ್ನು ಕೋವಿಯ ಜೊತೆಗಿಡಿ. ಬಾಯಿಮಾತಿಗೆ ಬಾಯಿಮಾತಿನ ಬೆಲೆಯುಂಟು. ಅದಕ್ಕೆ ಕಬ್ಬಿಣದ ವೇಷ ಹಾಕಿದರೆ ಮುಂದೊಂದು ದಿನ ಯಾರಾದರೂ ಭೂತಗನ್ನಡಿ ಹಿಡಿದು, ಹಳೆಯ ಲೋಹದಲ್ಲಿ ಹೊಸ ಅಚ್ಚಿನ ಹೊಳಪನ್ನು ಕಾಣುತ್ತಾರೆ. ಆಗ ಅಜ್ಜನ ನಿಜವಾದ ಮಾತೂ ಸುಳ್ಳಾಗುತ್ತದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಗೋವಾದಲ್ಲಿ ಕೋವಿಯ ಮೂಲ ಹುಡುಕುವವನಿಗೆ ಶುದ್ಧವಾದದ್ದೊಂದು ಸಿಗುವುದು ಕಷ್ಟ. 1510ರಲ್ಲಿ ಆಲ್ಬುಕರ್ಕ್ ಆ ಊರನ್ನು ಬಿಜಾಪುರದ ಆದಿಲಶಾಹಿಗಳಿಂದ ಕಿತ್ತುಕೊಂಡಾಗ ಅವನಿಗೆ ನೆರವಾದವನು ಹೊನ್ನಾವರದ ಕಡೆಯ ತಿಮ್ಮಯ್ಯ. ಮೂರು ವರ್ಷಗಳ ಬಳಿಕ, 1513ರಲ್ಲಿ, ಗೋವಾದ ಕಮ್ಮಾರರು ಬೊಹೀಮಿಯದವರಿಗೆ ಸಮನಾದ ಬಂದೂಕು ಮಾಡುತ್ತಾರೆಂದು ಆಲ್ಬುಕರ್ಕ್ ತನ್ನ ದೊರೆಗೆ ಬರೆದ. 1543ರಲ್ಲಿ ಪೋರ್ಚುಗೀಸರ ಮೂಲಕ ಜಪಾನಿನ ತಾನೆಗಶಿಮಾ ದ್ವೀಪ ತಲುಪಿದ ಬಂದೂಕುಗಳು ಈ ಗೋವೆಯ ಪರಂಪರೆಯವೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಅದನ್ನು ಯುರೋಪಿನದೆನ್ನೋಣವೆ, ಬಿಜಾಪುರದ್ದೆನ್ನೋಣವೆ, ಜಪಾನಿನದೆನ್ನೋಣವೆ?

ಬೆರಕೆ ಸುಳ್ಳಲ್ಲ, ಬೆರೆತದ್ದನ್ನು ಮರೆಸಿ ಒಂದೇ ಮೂಲದ ಸೋಗು ಹಾಕುವುದು ಸುಳ್ಳು. ಒಂದೇ ವಸ್ತುವನ್ನು ಕೋವಿಯೆಂದೂ ಬೆಡಿಯೆಂದೂ ತೋಕೆಂದೂ ಕರೆಯುವ ಗಡಿನಾಡಿನ ನಮಗೆ ಇದು ಬೇಗ ಅರ್ಥವಾಗಬೇಕು. ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಓಲೆಗರಿಗಳಿವೆ, ಕತ್ತಿಗಳಿವೆ, ವಂಶದ ಕಥೆಗಳಿವೆ. ಅವುಗಳ ಮೂಲವನ್ನು ಧಾರಾಳವಾಗಿ ಕೇಳೋಣ. ಬಂದ ಉತ್ತರ ನಾವು ಬಯಸಿದ್ದಕ್ಕಿಂತ ಚಿಕ್ಕದಾದರೆ, ಚಿಕ್ಕದಾಗಿಯೇ ಮಕ್ಕಳಿಗೆ ಹೇಳೋಣ.