ಪಟ್ಟಿಯಿಂದ ಬಿದ್ದ ತಂಡಗಳು

ದೆಹಲಿಯ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿನಲ್ಲಿ ಸಂಜೆಯ ಅಭ್ಯಾಸ ಮುಗಿದಿತ್ತು. ಇಬ್ಬರು ಕನ್ನಡಿಗರು ಚಹಾ ಹಿಡಿದು ಕೂತಿದ್ದರು. ಒಬ್ಬರು ಕೋಚ್, ಇನ್ನೊಬ್ಬರು ಕ್ರೀಡಾ ಸಂಸ್ಥೆಗಳ ಲೆಕ್ಕಪತ್ರ ನೋಡುತ್ತಲೇ ತಲೆ ನರೆಸಿಕೊಂಡ ಖಜಾಂಚಿ. ಶೂಟಿಂಗ್ ಸಂಸ್ಥೆಯ ದುಡ್ಡು ಯಾವ ರಾಷ್ಟ್ರೀಯ ತಂಡಕ್ಕೆ ಹೋಗಬೇಕು ಎಂಬುದರ ಮೇಲೆ ವಾದ ನಡೆದಿತ್ತು.

"ಪದಕ ಬರುವ ಕಡೆಗೆ," ಎಂದರು ಖಜಾಂಚಿ. "ರಿಯೊ ಒಲಿಂಪಿಕ್ಸ್‌ನಿಂದ ಬರಿಗೈಲಿ ಬಂದೆವು, ಟೋಕಿಯೊಕ್ಕೆ 15 ಮಂದಿ ಹೋಗಿಯೂ ಬರಿಗೈ. ಪ್ಯಾರಿಸ್‌ನಲ್ಲಿ ಮೂರು ಕಂಚು ಬಂತು. ಏರ್ ಪಿಸ್ತೂಲಿನಲ್ಲಿ ಎರಡು, ತ್ರೀ ಪೊಸಿಷನ್ ರೈಫಲ್‌ನಲ್ಲಿ ಒಂದು. ತೆರಿಗೆ ಕಟ್ಟುವವರಿಗೆ ನಾನು ತೋರಿಸಬಹುದಾದದ್ದು ಅಷ್ಟೇ."

"ಪದಕ ಎಲ್ಲಿ ಬರುತ್ತದೆ ಅಂತ ಮುಂಚೆಯೇ ಹೇಳಬಲ್ಲಿರಾ? ಟೋಕಿಯೊದಲ್ಲಿ ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಪಿಸ್ತೂಲು ಕೆಟ್ಟು ನಿಂತಿತು. ಆಗ ನಿಮ್ಮ ಸೂತ್ರ ಹಿಡಿದಿದ್ದರೆ ಪ್ಯಾರಿಸ್‌ನಲ್ಲಿ ಅವರು ಪಿಸ್ತೂಲಿನಲ್ಲಿ ಗೆದ್ದ ಆ ಎರಡು ಪದಕಗಳ ಗತಿ?"

ಕೋಚ್ ಬ್ರಿಟನ್ನಿನ ಕಥೆ ತೆಗೆದರು. ಬೀಜಿಂಗ್ ಒಲಿಂಪಿಕ್ಸ್ ಆದ ಮೇಲೆ ಅಲ್ಲಿ ಶೂಟಿಂಗಿಗೆ ಕೊಡುತ್ತಿದ್ದ ಹಣಕ್ಕೆ ಕತ್ತರಿ ಬಿತ್ತು. ಡಬಲ್ ಟ್ರ್ಯಾಪ್‌ನ ಪೀಟರ್ ವಿಲ್ಸನ್ ಅನುದಾನ ಕಳೆದುಕೊಂಡ. ದುಬೈನ ಶೇಖ್ ಅಹ್ಮದ್ ಅಲ್ ಮಕ್ತೂಮ್ ಒಂದು ಪೈಸೆಯೂ ಪಡೆಯದೆ ಅವನಿಗೆ ತರಬೇತಿ ಕೊಟ್ಟರು. 2004ರ ಅಥೆನ್ಸ್‌ನಲ್ಲಿ ನಮ್ಮ ರಾಜ್ಯವರ್ಧನ ರಾಥೋಡ್ ಬೆಳ್ಳಿ ಗೆದ್ದಾಗ ಚಿನ್ನ ಒಯ್ದಿದ್ದವರು ಅವರೇ. 2012ರ ಲಂಡನ್‌ನಲ್ಲಿ ವಿಲ್ಸನ್ 200ಕ್ಕೆ 188 ಹೊಡೆದು ಚಿನ್ನ ಗೆದ್ದ.

"ಪ್ರತಿಯೊಬ್ಬ ಶೂಟರ್‌ಗೂ ಒಬ್ಬ ಶೇಖ್ ಸಿಗುತ್ತಾನೆಂದು ನಾನು ಬಜೆಟ್ ಬರೆಯಲಾರೆ," ಎಂದರು ಖಜಾಂಚಿ. "ಮೇಲಾಗಿ ಆ ಡಬಲ್ ಟ್ರ್ಯಾಪ್ ಈಗ ಒಲಿಂಪಿಕ್ಸ್‌ನಲ್ಲೇ ಇಲ್ಲ."

ಕೋಚ್ ಕಾಯುತ್ತಿದ್ದದ್ದು ಈ ಮಾತಿಗೇ.

ರಿಯೊದಲ್ಲಿ ಪುರುಷರಿಗೆ ಒಂಬತ್ತು ಸ್ಪರ್ಧೆ, ಮಹಿಳೆಯರಿಗೆ ಆರು. ಆ ಅಸಮಾನತೆ ಸರಿಪಡಿಸಲು ಪುರುಷರ ಡಬಲ್ ಟ್ರ್ಯಾಪ್, 50 ಮೀಟರ್ ಪಿಸ್ತೂಲ್, ಮಲಗಿ ಗುರಿ ಹಿಡಿಯುವ 50 ಮೀಟರ್ ಪ್ರೋನ್ ರೈಫಲ್ ಮೂರನ್ನೂ ತೆಗೆದು ಮಿಶ್ರ ತಂಡಗಳ ಸ್ಪರ್ಧೆ ತಂದರು. ನ್ಯಾಯವಾದ ಬದಲಾವಣೆಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ನಷ್ಟ ಬಿದ್ದದ್ದು ಕೆಲವರ ತಲೆಯ ಮೇಲೆ ಮಾತ್ರ. ಲಂಡನ್‌ನಲ್ಲಿ ಜಾಯ್‌ದೀಪ್ ಕರ್ಮಾಕರ್ ನಾಲ್ಕನೆಯವರಾದದ್ದು ಪ್ರೋನ್‌ನಲ್ಲಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊದಲ್ಲಿ ಗುರಿ ಹಿಡಿದದ್ದು 50 ಮೀಟರ್ ಪಿಸ್ತೂಲಿನಲ್ಲಿ. ಅಂಕುರ್ ಮಿತ್ತಲ್ 2018ರಲ್ಲಿ ಚಾಂಗ್‌ವಾನ್‌ನಲ್ಲಿ ಡಬಲ್ ಟ್ರ್ಯಾಪ್ ವಿಶ್ವ ಚಾಂಪಿಯನ್ ಆದರು. ಅಷ್ಟು ಹೊತ್ತಿಗೆ ಅವರ ಸ್ಪರ್ಧೆಗೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತ್ತು.

"ಅವರೂ ಬದಲಾಗಲಿ. ಶ್ರೇಯಸಿ ಸಿಂಗ್ ಡಬಲ್ ಟ್ರ್ಯಾಪ್ ಬಿಟ್ಟು ಟ್ರ್ಯಾಪ್‌ಗೆ ಬಂದು ಪ್ಯಾರಿಸ್‌ಗೇ ಹೋಗಲಿಲ್ಲವೇ?"

"ಬದಲಾಗಬಹುದು, ಪುಕ್ಕಟೆಯಾಗಿ ಅಲ್ಲ. ಡಬಲ್ ಟ್ರ್ಯಾಪ್‌ನಲ್ಲಿ ಎರಡು ಮಣ್ಣಿನ ಬಿಲ್ಲೆ ಒಟ್ಟಿಗೆ ಹಾರುತ್ತವೆ, ಹಾರುವ ದಾರಿ ಗೊತ್ತಿರುತ್ತದೆ. ಟ್ರ್ಯಾಪ್‌ನಲ್ಲಿ ಒಂದೇ ಬಿಲ್ಲೆ, ಎಡಕ್ಕೋ ಬಲಕ್ಕೋ ಗೊತ್ತಿಲ್ಲ. ಅದಕ್ಕೆ ಕಣ್ಣೂ ಭುಜವೂ ಹೊಸದಾಗಿ ಪಳಗಬೇಕು. ಆ ವರ್ಷಗಳ ಖರ್ಚು ಯಾರದು? ಭಾರತದ ಜೆರ್ಸಿ ಕೊಟ್ಟು ಕಳಿಸಿದವರು ನಾವು. ಒಲಿಂಪಿಕ್ಸ್ ಪಟ್ಟಿ ಬದಲಾದ ಕೂಡಲೇ ಅವರು ನಮ್ಮವರಲ್ಲ ಅಂದರೆ, ನಮ್ಮ ಆಟ ಯಾವುದು ಅನ್ನುವುದನ್ನು ನಾವು ಬೇರೆಯವರ ಕೈಗೆ ಕೊಟ್ಟ ಹಾಗೆ. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟ ಶೂಟಿಂಗನ್ನೇ ಕೈಬಿಟ್ಟಿತು, ನಾವು ರೇಂಜಿಗೆ ಬೀಗ ಹಾಕಿದೆವಾ?"

ಖಜಾಂಚಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ಎತ್ತಿದ ಪ್ರಶ್ನೆ ಆ ಸಂಜೆಯ ಅತ್ಯಂತ ಗಟ್ಟಿಯಾದ ಪ್ರಶ್ನೆ. "ಟ್ರ್ಯಾಪ್ ಅರ್ಹತಾ ಸುತ್ತಿಗೆ 125 ಬಿಲ್ಲೆ. ಒಂದೊಂದಕ್ಕೆ ಎರಡು ಕಾರ್ಟ್ರಿಜ್‌ವರೆಗೂ ಹಾರಿಸಬಹುದು. ಏರ್ ಪಿಸ್ತೂಲಿನ ಹುಡುಗಿಗೆ ಪಂದ್ಯಕ್ಕೆ 60 ಸಣ್ಣ ಪೆಲೆಟ್ ಸಾಕು. ಒಬ್ಬ ಶಾಟ್‌ಗನ್ ಶೂಟರನ್ನು ಉಳಿಸಿಕೊಂಡರೆ ಇನ್ನೂ ಹೆಸರೇ ಮಾಡದ ಎಷ್ಟು ಜೂನಿಯರ್‌ಗಳು ಹೊರಗುಳಿಯುತ್ತಾರೆ? ಅವರ ಪರವಾಗಿ ಮಾತಾಡಲು ಈ ಬೆಂಚಿನ ಮೇಲೆ ಯಾರೂ ಇಲ್ಲ."

ಕೋಚ್ ಈ ಮಾತಿನಿಂದ ನುಣುಚಿಕೊಳ್ಳಲಿಲ್ಲ. ಜೂನಿಯರ್‌ಗಳ ಪಾಲು ಮುಟ್ಟುವುದು ಬೇಡ ಎಂದು ಒಪ್ಪಿದರು. ಕೈಬಿಟ್ಟ ಸ್ಪರ್ಧೆಯಲ್ಲಿ ಈಗಾಗಲೇ ಇರುವವರಿಗೆ ಮುಂದಿನ ನಾಲ್ಕು ವರ್ಷ ಮದ್ದುಗುಂಡು ಮತ್ತು ವಿಶ್ವ ಚಾಂಪಿಯನ್‌ಷಿಪ್ಪಿನ ಪ್ರಯಾಣವೆಚ್ಚ ಕೊಟ್ಟರೆ ಸಾಕು, ವಿದೇಶಿ ಶಿಬಿರ ಬೇಡ. ಆ ಹಣ ಒಲಿಂಪಿಕ್ ತಂಡದ ಹಿರಿಯರ ವಿದೇಶಿ ಶಿಬಿರಗಳಿಂದ ಬರಲಿ.

"ಹಿರಿಯರು ಸುಮ್ಮನಿರುತ್ತಾರಾ?"

"ಕರೆದು ಕೇಳೋಣ. ನಾಳೆ ಅವರ ಸ್ಪರ್ಧೆಯೂ ಪಟ್ಟಿಯಿಂದ ಬಿದ್ದೀತು ಅನ್ನುವುದು ಅವರಿಗೂ ಗೊತ್ತು."

"ಸ್ಪರ್ಧೆ ಹೋದ ಮೇಲೆ ಗೊತ್ತಿದ್ದೇ ಪ್ರೋನ್ ಹಿಡಿದ ಹುಡುಗನಿಗೆ?"

ಕೋಚ್ ತಡವರಿಸಿದರು. "ಅವನಿಗೆ ಆಯ್ಕೆಯ ಅವಕಾಶ ಕೊಡಬೇಕು. ಮದ್ದುಗುಂಡಿನ ಖರ್ಚು ಕೊಡಲಾಗದು."

"ಹಾಗಾದರೆ ಯಾರು ಯಾವ ವರ್ಷ ಆ ಸ್ಪರ್ಧೆಗೆ ಬಂದರು ಅನ್ನುವುದನ್ನು ಬರೆದುಕೊಡಿ," ಎಂದು ಖಜಾಂಚಿ ಡೈರಿ ತೆರೆದರು. "ಅದಿಲ್ಲದೆ ನಾನು ಸಮಿತಿ ಮುಂದೆ ಹೋಗುವುದಿಲ್ಲ."